ಬೆಳಿಗ್ಗೆ ಬೆರಳು ಮಡಚಲು ಆಗುತ್ತಿಲ್ಲವೇ? ಸರಿಯಾದ ಡಾಕ್ಟರ್ ತನಕ ತಲುಪುವುದು ಹೀಗೆ

ಕಾಫಿ ಹಣ್ಣು ಬಿಡಿಸಿದ ಕೈ ನೋಯುತ್ತದೆ. ಆಲೂಗೆಡ್ಡೆ ಮೂಟೆ ಹೊತ್ತ ಸೊಂಟ ಹಿಡಿದುಕೊಳ್ಳುತ್ತದೆ. ಹಾಸನದ ಕಡೆ ಇದಕ್ಕೆಲ್ಲ ಯಾರೂ ಆಸ್ಪತ್ರೆಗೆ ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ. ದುಡಿದ ನೋವು ಎರಡು ದಿನ ಸುಧಾರಿಸಿಕೊಂಡರೆ ಇಳಿಯುತ್ತದೆ.

ಹಾಗೆ ಇಳಿಯದ ನೋವೂ ಇದೆ. ಅದು ಮಲಗಿ ಎದ್ದಾಗಲೇ ಜಾಸ್ತಿ. ಬೆಳಿಗ್ಗೆ ಮುಷ್ಟಿ ಕಟ್ಟಲು ಬರುವುದಿಲ್ಲ, ಕಾಫಿ ಲೋಟ ಕೈಯಲ್ಲಿ ನಿಲ್ಲುವುದಿಲ್ಲ. ಒಂದಿಷ್ಟು ಕೆಲಸ ಮಾಡಿದ ಮೇಲೆ ಬೆರಳು ಸಡಿಲವಾಗುತ್ತದೆ. ಈ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ, ಎರಡೂ ಕೈಯ ಗೆಣ್ಣುಗಳು ಊದಿಕೊಂಡಿದ್ದರೆ, ವಾರಗಟ್ಟಲೆ ಹೀಗೇ ನಡೆದಿದ್ದರೆ, ಅದು ರುಮಟಾಯ್ಡ್ ಆರ್ಥ್ರೈಟಿಸ್ ಆಗಿರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಒಮ್ಮೆ ಹಾಳಾದ ಕೀಲು ಮೊದಲಿನಂತೆ ಆಗುವುದಿಲ್ಲ. ಅದಕ್ಕೇ ಶುರುವಾದ ಮೂರು ತಿಂಗಳೊಳಗೆ ಔಷಧಿ ಸಿಗಬೇಕು ಎಂದು ತಜ್ಞರು ಒತ್ತಿ ಹೇಳುತ್ತಾರೆ.

ನಮ್ಮಲ್ಲಿ ಕಳೆದುಹೋಗುವುದು ಆ ಮೂರು ತಿಂಗಳೇ. ಮೆಡಿಕಲ್ ಶಾಪ್‌ನ ನೋವಿನ ಮಾತ್ರೆ, ಉಜ್ಜುವ ಎಣ್ಣೆ, ಯಾರೋ ಕೊಟ್ಟ ಪುಡಿ, ಇಷ್ಟರಲ್ಲೇ ಮಳೆಗಾಲ ಮುಗಿದಿರುತ್ತದೆ.

ಹೊರಡುವ ಮೊದಲು

ಒಂದು ಹಾಳೆಯಲ್ಲಿ ಬರೆದಿಡಿ. ನೋವು ಯಾವ ತಿಂಗಳು ಶುರುವಾಯಿತು, ಯಾವ ಯಾವ ಕೀಲು, ಬೆಳಗಿನ ಬಿಗಿತ ಎಷ್ಟು ಹೊತ್ತು, ನೋಯುವುದಷ್ಟೇನಾ ಅಥವಾ ಊದುತ್ತದೆಯಾ. ಒಪಿಡಿಯಲ್ಲಿ ಡಾಕ್ಟರಿಗೆ ನಿಮ್ಮ ಜೊತೆ ಸಿಗುವುದು ಕೆಲವೇ ನಿಮಿಷ. ಬರೆದು ತಂದವರ ಮಾತು ಪೂರ್ತಿ ಮುಟ್ಟುತ್ತದೆ. ಊತ ಇದ್ದ ದಿನ ಬೆಳಿಗ್ಗೆಯೇ ಮೊಬೈಲ್‌ನಲ್ಲಿ ಕೈಯ ಫೋಟೋ ತೆಗೆದಿಡಿ, ಏಕೆಂದರೆ ಆಸ್ಪತ್ರೆಗೆ ಹೋದ ದಿನ ಊತ ಇಳಿದಿರುವುದು ಬಹಳ ಸಾಮಾನ್ಯ.

ನಿಮಗೆ ಸಂಬಂಧವೇ ಇಲ್ಲ ಅನ್ನಿಸಿದ್ದನ್ನೂ ಬರೆಯಿರಿ. ಈಚೆಗೆ ಚಿಕೂನ್‌ಗುನ್ಯ ಬಂದಿತ್ತಾ? ಆ ಜ್ವರ ಬಿಟ್ಟ ಮೇಲೂ ಕೀಲು ತಿಂಗಳುಗಟ್ಟಲೆ ನೋಯಬಹುದು. ಚರ್ಮದಲ್ಲಿ ಸೋರಿಯಾಸಿಸ್ ಇದೆಯಾ? ಮನೆಯಲ್ಲಿ ಯಾರಿಗಾದರೂ ಸಂದಿವಾತ ಇತ್ತಾ? ವಯಸ್ಸಿನ ಹುಡುಗರಿಗೆ ಸೊಂಟ ನೋವು ತಿಂಗಳುಗಟ್ಟಲೆ ಇದ್ದು, ಮಲಗಿದರೆ ಹೆಚ್ಚಾಗಿ ಓಡಾಡಿದರೆ ಕಡಿಮೆಯಾಗುತ್ತಿದ್ದರೆ ಅದನ್ನೂ ಹೇಳಿ. ಅದು ಬೆನ್ನುಮೂಳೆಯ ವಾತ ಇರಬಹುದು.

ತೆಗೆದುಕೊಂಡ ಔಷಧಿಯೆಲ್ಲದರ ಹೆಸರು ಬೇಕು. ಹೆಸರೇ ಇಲ್ಲದ ಪುಡಿ ಆಗಿದ್ದರೆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ನೋವು ಮಾಯವಾದಂತೆ ಕಾಣುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ನಿಮ್ಮಷ್ಟಕ್ಕೆ ನೀವೇ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಆಯುರ್ವೇದ ಮಾಡುತ್ತಿದ್ದರೂ ಮುಚ್ಚಿಡಬೇಕಿಲ್ಲ. ಇಬ್ಬರೂ ವೈದ್ಯರಿಗೆ ಗೊತ್ತಿರಲಿ, ಅಷ್ಟೇ.

ಯಾವ ವಿಭಾಗಕ್ಕೆ ಚೀಟಿ ಮಾಡಿಸಬೇಕು

ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. ಕೀಲು ನೋವು ಅಂದ ಕೂಡಲೇ ಮೂಳೆ ಡಾಕ್ಟರ್ ಅನ್ನುತ್ತೇವೆ, ಅಲ್ವಾ? ಬಿದ್ದು ಪೆಟ್ಟಾಗಿದ್ದರೆ, ವಯಸ್ಸಾಗಿ ಮಂಡಿ ಸವೆದಿದ್ದರೆ ಅದು ಸರಿ. ಹಲವು ಕೀಲು ಒಟ್ಟಿಗೆ ಊದಿದ್ದರೆ ಮೆಡಿಸಿನ್ (ಸಾಮಾನ್ಯ ವೈದ್ಯಕೀಯ) ವಿಭಾಗಕ್ಕೆ ಚೀಟಿ ಮಾಡಿಸಿ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ಜಿಲ್ಲಾ ಮಟ್ಟದಲ್ಲಿ ಹಾಸನದಲ್ಲಿ ಹಿಮ್ಸ್ ಬೋಧಕ ಆಸ್ಪತ್ರೆ ಇದೆ. ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ.

ಒಂದು ವಿಷಯಕ್ಕೆ ಮಾತ್ರ ಸಾಲೂ ಬೇಡ, ಕಾಯುವುದೂ ಬೇಡ. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಕೀಲಿನೊಳಗೆ ಕೀವು ಆಗಿರಬಹುದು. ಅವತ್ತೇ ತುರ್ತು ಚಿಕಿತ್ಸೆಗೆ ಹೋಗಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ರಕ್ತ ಪರೀಕ್ಷೆಯ ಕಾಗದ ಓದುವಾಗ

ಸಾಮಾನ್ಯವಾಗಿ ಬರೆದುಕೊಡುವುದು ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ, ಯೂರಿಕ್ ಆ್ಯಸಿಡ್. ಮೈಯಲ್ಲಿ ಉರಿಯೂತ ಇದೆ ಎಂದು ಇಎಸ್‌ಆರ್, ಸಿಆರ್‌ಪಿ ಹೇಳುತ್ತವೆ, ಯಾವ ಕಾಯಿಲೆಯಿಂದ ಎಂದು ಹೇಳುವುದಿಲ್ಲ.

ಆರ್‌ಎ ಫ್ಯಾಕ್ಟರ್ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. ರುಮಟಾಯ್ಡ್ ಇದೆಯಾ ಎಂದು ನೋಡಲು ಮಾಡಿಸುವ ಪರೀಕ್ಷೆ ಇದು. ರುಮಟಾಯ್ಡ್ ಇರುವ ಐದು ಜನರಲ್ಲಿ ಒಬ್ಬರಿಗಾದರೂ ಇದು ನೆಗೆಟಿವ್ ಬರುತ್ತದೆ. ಏನೂ ಕಾಯಿಲೆ ಇಲ್ಲದ ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಉಂಟು. ಹಾಗಾಗಿ ನೆಗೆಟಿವ್ ಅಂತ ಕಾಗದ ಮಡಚಿಟ್ಟು ಸುಮ್ಮನಾಗಬೇಡಿ, ಪಾಸಿಟಿವ್ ಅಂತ ಹೆದರಲೂ ಬೇಡಿ. ಊದಿದ ಕೀಲನ್ನು ಮುಟ್ಟಿ ನೋಡಿದ ಡಾಕ್ಟರ ಮಾತಿಗೆ ಹೆಚ್ಚು ತೂಕ. ಆ್ಯಂಟಿ ಸಿಸಿಪಿ ಅದೇ ಕಾಯಿಲೆಗೆ ಮಾಡುವ ಪರೀಕ್ಷೆ, ಆರ್‌ಎ ಫ್ಯಾಕ್ಟರ್‌ಗಿಂತ ನಂಬಿಕೆಗೆ ಅರ್ಹ. ಸಣ್ಣ ಲ್ಯಾಬ್‌ನಲ್ಲಿ ಆಗದಿದ್ದರೆ ರಕ್ತವನ್ನು ಹೊರಗೆ ಕಳಿಸಿ ಮಾಡಿಸುತ್ತಾರೆ.

ಯೂರಿಕ್ ಆ್ಯಸಿಡ್ ಜಾಸ್ತಿ ಇದ್ದವರಿಗೆಲ್ಲ ಗೌಟ್ (ಅದರ ಹರಳು ಕೀಲಿನಲ್ಲಿ ಕೂತು ಊದುವ ಕಾಯಿಲೆ) ಇರುವುದಿಲ್ಲ. ಗೌಟ್‌ನಿಂದ ಕಾಲಿನ ಹೆಬ್ಬೆರಳು ಕೆಂಪಗೆ ಊದಿರುವಾಗಲೇ ಅದು ನಾರ್ಮಲ್ ಬರಬಹುದು. ಕೆಲವು ಲ್ಯಾಬ್ ಪ್ಯಾಕೇಜ್‌ಗಳಲ್ಲಿ ಎಎಸ್‌ಒ ಎಂಬ ಪರೀಕ್ಷೆಯೂ ಸೇರಿರುತ್ತದೆ. ಗಂಟಲಿಗೆ ಹಿಂದೆ ಒಂದು ಬಗೆಯ ಸೋಂಕು ಆಗಿತ್ತು ಎಂದಷ್ಟೇ ಅದು ಹೇಳುತ್ತದೆ. ದೊಡ್ಡವರಿಗೆ ಬರೀ ಅದರ ಆಧಾರದ ಮೇಲೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡುವ ಮಾತು ಬಂದರೆ ಏಕೆ ಎಂದು ಕೇಳಿ.

ಎಕ್ಸ್‌ರೇ ಶುರುವಿನಲ್ಲಿ ಸರಿಯಾಗಿಯೇ ಕಾಣಬಹುದು. ಮಂಡಿಯದಾದರೆ ನಿಂತುಕೊಂಡು ತೆಗೆಸಿದ್ದು ಉಪಯೋಗ.

ರೆಫರಲ್ ಕೇಳುವುದು

ವಾತದ ಕಾಯಿಲೆಗಳಿಗೆಂದೇ ಓದಿದ ತಜ್ಞರನ್ನು ರುಮಟಾಲಜಿಸ್ಟ್ ಅನ್ನುತ್ತಾರೆ. ಇವರು ಹೆಚ್ಚಾಗಿ ದೊಡ್ಡ ನಗರಗಳಲ್ಲಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಊತ ಆರು ವಾರ ದಾಟಿದರೂ ಕಾಯಿಲೆಯ ಹೆಸರು ಗೊತ್ತಾಗದಿದ್ದರೆ, “ಸರ್, ಒಂದು ಸಲ ರುಮಟಾಲಜಿಸ್ಟ್‌ಗೆ ತೋರಿಸಬಹುದಾ? ಪತ್ರ ಬರೆದುಕೊಡ್ತೀರಾ?” ಎಂದು ನೇರವಾಗಿ ಕೇಳಿ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಪತ್ರದಲ್ಲಿ ಬರೀ ‘ಕೀಲು ನೋವು’ ಅಂತಿದ್ದರೆ ಸಾಲದು. ಎಷ್ಟು ವಾರದಿಂದ, ಯಾವ ಕೀಲುಗಳಲ್ಲಿ ಊತ, ಬಿಗಿತ ಎಷ್ಟು ಹೊತ್ತು, ಪರೀಕ್ಷೆಗಳ ಫಲಿತಾಂಶ, ಕೊಟ್ಟ ಔಷಧಿ, ಇಷ್ಟೂ ಇರಲಿ. ನೀವು ಬರೆದ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಆ ವಿಭಾಗದ ಒಪಿಡಿ ಯಾವ ದಿನ ಎಂದು ತಿಳಿದುಕೊಳ್ಳಿ. ಸೊಂಟ, ಮಂಡಿ ಬಿಗಿಯುವವರಿಗೆ ಹಾಸನದಿಂದ ಬೆಂಗಳೂರಿಗೆ ಬಸ್ಸಿಗಿಂತ ಕುಣಿಗಲ್ ಮಾರ್ಗದ ರೈಲು ವಾಸಿ, ನಡುವೆ ಎದ್ದು ಓಡಾಡಬಹುದು.

ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇದು ಬಹುಮಟ್ಟಿಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತುರ್ತಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ನಿಮಗೆ ಯಾವುದು ಅನ್ವಯಿಸುತ್ತದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದು ಇರುವ ಆರೋಗ್ಯಮಿತ್ರರನ್ನು ಕೇಳಿ.

ತಜ್ಞರು ರುಮಟಾಯ್ಡ್ ಎಂದು ಖಚಿತಪಡಿಸಿದರೆ ಹೆಚ್ಚಾಗಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯಿಂದ ಶುರು ಮಾಡುತ್ತಾರೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಚೀಟಿಯ ಮೇಲೆ ವಾರದ ಯಾವ ದಿನ ಎಂದು ಕನ್ನಡದಲ್ಲೇ ಬರೆಸಿಕೊಳ್ಳಿ, ಮನೆಯಲ್ಲಿ ಇನ್ನೊಬ್ಬರಿಗೂ ತಿಳಿಸಿ. ಬಸುರಾಗುವ ಯೋಚನೆ ಇರುವ ಹೆಂಗಸರು ಮಾತ್ರೆ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಬೇಕು, ಇದು ಹೊಟ್ಟೆಯಲ್ಲಿರುವ ಮಗುವಿಗೆ ಆಗದ ಔಷಧಿ. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆಯನ್ನು ಆಗಾಗ ಮಾಡಿಸಬೇಕಾಗುತ್ತದೆ. ಅದಕ್ಕೆಲ್ಲ ಬೆಂಗಳೂರಿಗೆ ಹೋಗಬೇಕಿಲ್ಲ. ಹಾಸನದಲ್ಲೇ ಮಾಡಿಸಿ ನಿಮ್ಮ ಮೆಡಿಸಿನ್ ಡಾಕ್ಟರಿಗೆ ತೋರಿಸಬಹುದಾ, ಯಾವ ಅಂಕಿ ಏರಿದರೆ ತಜ್ಞರಿಗೆ ಫೋನ್ ಮಾಡಬೇಕು ಎಂದು ಮೊದಲ ಭೇಟಿಯಲ್ಲೇ ಕೇಳಿ ಬರೆಸಿಕೊಂಡು ಬನ್ನಿ.