ಪ್ಯಾರಿಸ್‌ಗೆ ಹೊರಟವರು ಜೇಬುಗಳ್ಳರ ಬಗ್ಗೆ ತಿಳಿದಿರಬೇಕಾದ್ದು

ಪ್ಯಾರಿಸ್‌ನಲ್ಲಿ ಪ್ರವಾಸಿಗರಿಗೆ ದೊಡ್ಡ ತಲೆನೋವು ಜೇಬುಗಳ್ಳತನ. ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಆರ್‌ಇಆರ್ ಬಿ ರೈಲು, ಲೂವ್ರ್ ಮ್ಯೂಸಿಯಂ ಕಡೆ ಹೋಗುವ ಮೆಟ್ರೋ 1ನೇ ಮಾರ್ಗ, ಇವೆರಡರಲ್ಲಿ ಹೆಚ್ಚು ಎಚ್ಚರ ಬೇಕು. ಮೊಬೈಲ್ ಕಸಿಯುವವರು ಬಾಗಿಲ ಪಕ್ಕದಲ್ಲೇ ನಿಂತಿರುತ್ತಾರೆ. ಬಾಗಿಲು ಮುಚ್ಚುವ ಸದ್ದಾದ ಕೂಡಲೇ ಕಿತ್ತುಕೊಂಡು ಇಳಿದುಬಿಡುತ್ತಾರೆ, ನೀವು ಒಳಗೇ ಉಳಿಯುತ್ತೀರಿ. ಹಾಗಾಗಿ ಬಾಗಿಲ ಬಳಿ ಫೋನ್ ಹೊರತೆಗೆಯಲೇಬೇಡಿ. ಬ್ಯಾಗು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ.

ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಬಳಿ ಕೈಗೆ ದಾರ ಕಟ್ಟಲು ಬರುತ್ತಾರೆ. ನಮ್ಮವರು ದೇವಸ್ಥಾನದ ಅಭ್ಯಾಸಬಲದಿಂದ ಕೈ ಚಾಚಿಬಿಡುವುದುಂಟು! ಗಂಟು ಬಿದ್ದ ಮೇಲೆ ದುಡ್ಡು ಕೊಡುವ ತನಕ ಬಿಡುವುದಿಲ್ಲ. ಕೈ ಜೇಬಿನಲ್ಲಿಟ್ಟು, ನಿಲ್ಲದೆ ನಡೆಯಿರಿ. ಸಹಿ ಹಾಕಿ ಎಂದು ಹಾಳೆ ಹಿಡಿದು ಬರುವವರೂ ಅಷ್ಟೇ: ಹಾಳೆಯ ಮರೆಯಲ್ಲಿ ಇನ್ನೊಂದು ಕೈ ನಿಮ್ಮ ಬ್ಯಾಗಿನೊಳಗಿರುತ್ತದೆ.

ಎರಡು ಕಾರ್ಡ್‌ಗಳನ್ನು ಬೇರೆಬೇರೆ ಕಡೆ ಇಡಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೋ ಈಮೇಲ್‌ನಲ್ಲಿರಲಿ. ಪಾಸ್‌ಪೋರ್ಟ್ ಕಳುವಾದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ಪ್ರತಿ ಪಡೆಯಿರಿ. ಭಾರತೀಯ ರಾಯಭಾರ ಕಚೇರಿಯಲ್ಲಿ ತುರ್ತು ಪ್ರಮಾಣಪತ್ರಕ್ಕೂ (ಪಾಸ್‌ಪೋರ್ಟ್ ಬದಲಿಗೆ ಭಾರತಕ್ಕೆ ಮರಳಲು ಕೊಡುವ ಪತ್ರ), ವಿಮೆ ಕಂಪನಿಯಲ್ಲಿ ಪರಿಹಾರಕ್ಕೂ ಅದನ್ನೇ ಕೇಳುತ್ತಾರೆ. ಪೊಲೀಸರಿಗೆ 17, ಯಾವುದೇ ತುರ್ತಿಗೆ 112.