ಸಂಬಳಕ್ಕಿಂತ ಮೊದಲು ಹಾಸಿಗೆ ಲೆಕ್ಕ: ಬೆಂಗಳೂರಿನಲ್ಲಿ ನರ್ಸ್ ಕೆಲಸ ಹಿಡಿಯುವ ಬಗೆ

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಿಗೆ ಕೆಲಸವೇ ಸಿಗದೆಂಬ ಅಂಜಿಕೆ ಬೇಕಿಲ್ಲ. ಬೊಮ್ಮಸಂದ್ರದಿಂದ ಹೆಬ್ಬಾಳದವರೆಗೆ ದೊಡ್ಡ ಖಾಸಗಿ ಆಸ್ಪತ್ರೆಗಳು, ಬಡಾವಣೆಗಳ ನರ್ಸಿಂಗ್ ಹೋಂಗಳು, ಡಯಾಲಿಸಿಸ್ ಕೇಂದ್ರಗಳು ಹಬ್ಬಿರುವ ಈ ಊರಿನಲ್ಲಿ ಅನುಭವಿ ನರ್ಸ್‌ಗಳು ವಿದೇಶಕ್ಕೋ ಸರ್ಕಾರಿ ಸೇವೆಗೋ ಹೋಗುತ್ತಲೇ ಇರುತ್ತಾರೆ. ಅವರು ಬಿಟ್ಟ ಜಾಗಕ್ಕೆ ಹೊಸಬರನ್ನು ಕರೆಯಲೇಬೇಕಾಗುತ್ತದೆ. ಆದರೆ ಸಿಕ್ಕ ಮೊದಲ ಕೆಲಸ ಮುಂದಿನ ದಾರಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಸೇರುವ ಮೊದಲೇ ನೋಡಿಕೊಳ್ಳಬೇಕು. ಹೆಚ್ಚಿನವರು ನೋಡುವುದಿಲ್ಲ.

ಕಾಗದಪತ್ರ ಮೊದಲು

ಡಿಪ್ಲೊಮಾ ಪರೀಕ್ಷಾ ಮಂಡಳಿಯ ಅಂಕಪಟ್ಟಿ ಕೈಗೆ ಬಂದೊಡನೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ. ನೋಂದಣಿ ಸಂಖ್ಯೆಯಿಲ್ಲದವರನ್ನು ಒಳ್ಳೆಯ ಆಸ್ಪತ್ರೆಗಳು ಸ್ಟಾಫ್ ನರ್ಸ್ ಎಂದು ನೇಮಿಸಿಕೊಳ್ಳುವುದಿಲ್ಲ. ತರಬೇತಿ ನರ್ಸ್ ಎಂಬ ಹೆಸರಿನಲ್ಲಿ ಕಡಿಮೆ ಹಣಕ್ಕೆ ದುಡಿಸಿಕೊಳ್ಳುವ ಕಡೆಯೂ ಉಂಟು. ಬೇರೆ ರಾಜ್ಯದಲ್ಲಿ ಓದಿ ಅಲ್ಲಿಯೇ ನೋಂದಾಯಿಸಿಕೊಂಡವರು ಇಲ್ಲಿನ ಪರಿಷತ್ತಿಗೆ ವರ್ಗಾಯಿಸಿಕೊಳ್ಳಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ರಾಷ್ಟ್ರೀಯ ನರ್ಸ್ ದಾಖಲೆಯಲ್ಲಿ ಸಿಗುವ ವಿಶಿಷ್ಟ ಗುರುತಿನ ಸಂಖ್ಯೆಯನ್ನೂ ಆಗಲೇ ಪಡೆದುಕೊಂಡರೆ ಮುಂದೆ ಅಲೆದಾಟ ತಪ್ಪುತ್ತದೆ. ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ ತರಬೇತಿ) ಓದಿದವರಿಗೆ ನೋಂದಣಿಯ ವರ್ಗವೇ ಬೇರೆ. ದೊಡ್ಡ ಆಸ್ಪತ್ರೆಗಳ ಐಸಿಯು ಅವರಿಗೆ ಸುಲಭವಾಗಿ ತೆರೆಯುವುದಿಲ್ಲವಾದ್ದರಿಂದ, ಹೆರಿಗೆ ಆಸ್ಪತ್ರೆ ಮತ್ತು ಲಸಿಕಾ ಕಾರ್ಯಕ್ರಮಗಳ ಕೆಲಸ ಹುಡುಕುವುದು ಲೇಸು.

ಹಾಸಿಗೆ ಎಷ್ಟು, ಕೇಳಿ

ಮನೆ ಹತ್ತಿರದ 30 ಹಾಸಿಗೆಯ ನರ್ಸಿಂಗ್ ಹೋಂ ಎರಡು ಸಾವಿರ ಹೆಚ್ಚು ಕೊಡುತ್ತೇನೆಂದರೂ ಅವಸರ ಬೇಡ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಜಿಎನ್‌ಎಂ ಓದಿದವರು ಅರ್ಜಿ ಹಾಕಬೇಕಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಇರಲೇಬೇಕು. ಸಾಮಾನ್ಯ ವರ್ಗಕ್ಕೆ ವಯೋಮಿತಿ 30 ಎಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ, ಸಣ್ಣ ಕಡೆ ಕಳೆದ ಎರಡು ವರ್ಷ ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಹೋಮ್ ನರ್ಸಿಂಗ್ ಏಜೆನ್ಸಿಯ ಕೆಲಸಕ್ಕೂ ಈ ಮಾತು ಅನ್ವಯಿಸುತ್ತದೆ: ಕೈಗೆ ಹಣ ಬರುತ್ತದೆ, ಆಸ್ಪತ್ರೆಯ ಅನುಭವ ಬರುವುದಿಲ್ಲ.

ಸಂಬಳದ ಮಾತಿಗೂ ಹಾಸಿಗೆಯೇ ಅಳತೆಗೋಲು. ಸುಪ್ರೀಂ ಕೋರ್ಟಿನ ಸೂಚನೆಯ ಮೇರೆಗೆ 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾದ ವೇತನ ಕೊಡಬೇಕು, 100ಕ್ಕಿಂತ ಹೆಚ್ಚಿದ್ದರೆ ಅದರಲ್ಲಿ ಶೇ 10ಕ್ಕಿಂತ ಹೆಚ್ಚು ಕಡಿತವಿರಬಾರದು, 50ರಿಂದ 100 ಇದ್ದರೆ ಶೇ 25ರ ಮಿತಿ, ಅದಕ್ಕೂ ಚಿಕ್ಕ ಕಡೆ ಕನಿಷ್ಠ 20,000 ರೂಪಾಯಿ ಎಂದು ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳ ಪಾಲಿಗೆ ಬಿದ್ದಿದ್ದರಿಂದ ಅನೇಕ ಕಡೆ ಹೊಸಬರ ಸಂಬಳ ಇದಕ್ಕಿಂತ ಕೆಳಗೇ ಇದೆ. ಆದರೂ ಚೌಕಾಸಿಗೆ ಕೂತಾಗ ಈ ಅಂಕಿಗಳು ನಾಲಿಗೆಯ ತುದಿಯಲ್ಲಿರಲಿ.

ಯಾವ ವಾರ್ಡ್?

ಹೊರರೋಗಿ ವಿಭಾಗದಲ್ಲಿ ರಾತ್ರಿ ಪಾಳಿ ಇರುವುದಿಲ್ಲವೆಂದು ಅದನ್ನೇ ಬೇಡುವವರಿದ್ದಾರೆ. ಮಗು ಚಿಕ್ಕದಿದ್ದರೆ ಅದೂ ಸರಿಯೇ. ಆದರೆ ಮುಂದೆ ಬೇಡಿಕೆ ಇರುವುದು ಐಸಿಯು, ತುರ್ತು ಚಿಕಿತ್ಸೆ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಮತ್ತು ನವಜಾತ ಶಿಶು ಘಟಕಗಳ ಕೈಗಳಿಗೆ. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಪ್ರತಿ ಪಾಳಿಯಲ್ಲಿ ಒಬ್ಬ ನರ್ಸ್ ಇರಬೇಕೆಂಬುದು ಒಪ್ಪಿತ ಮಾನದಂಡ. ನೀವು ಸೇರುವ ಐಸಿಯುನಲ್ಲಿ ರಾತ್ರಿ ಹೊತ್ತು ಒಬ್ಬರಿಗೆ ಎಷ್ಟು ರೋಗಿಗಳೆಂದು ಅಲ್ಲಿನ ಸಿಸ್ಟರ್‌ಗಳನ್ನೇ ವಿಚಾರಿಸಿ. ಎಚ್‌ಆರ್ ವಿಭಾಗ ಕೊಡುವ ಉತ್ತರಕ್ಕಿಂತ ಅದು ನಂಬಿಕೆಗೆ ಅರ್ಹ. ಮನೋರೋಗ ಶುಶ್ರೂಷೆಯಲ್ಲಿ ಆಸಕ್ತಿ ಇದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಒಂದು ವರ್ಷದ ಡಿಪ್ಲೊಮಾ ಕೋರ್ಸ್ ಇದೆ.

ಸಂದರ್ಶನದ ದಿನ

ವಾಕ್‌-ಇನ್‌ಗೆ ಹೋದಾಗ ನರ್ಸಿಂಗ್ ಸೂಪರಿಂಟೆಂಡೆಂಟ್ ಸಾಮಾನ್ಯವಾಗಿ ಕೇಳುವುದು ಔಷಧಿ ಲೆಕ್ಕ. 500 ಎಂಎಲ್ ನಾರ್ಮಲ್ ಸಲೈನ್ ಎಂಟು ಗಂಟೆಯಲ್ಲಿ ಮುಗಿಯಬೇಕು, ಡ್ರಿಪ್ ಸೆಟ್ ಒಂದು ಎಂಎಲ್‌ಗೆ 20 ಹನಿಯದ್ದು, ನಿಮಿಷಕ್ಕೆ ಎಷ್ಟು ಹನಿ ಬಿಡುತ್ತೀರಿ? ಒಟ್ಟು ಹನಿ 10,000, ನಿಮಿಷ 480. ಭಾಗಿಸಿದರೆ ಹೆಚ್ಚುಕಡಿಮೆ 21. ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ಬಿಡಿಸಿದವರಿಗೆ ಅರ್ಧ ಸಂದರ್ಶನ ಮುಗಿದಂತೆಯೇ. ಇನ್ನರ್ಧ ಇಂಗ್ಲಿಷಿನಲ್ಲಿ ಹ್ಯಾಂಡ್‌ಓವರ್ ಕೊಡುವ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಯ ವಿವರ ಒಪ್ಪಿಸುವ ಅಭ್ಯಾಸ: ಹಾಸಿಗೆ ಸಂಖ್ಯೆ, ರೋಗ, ಬಿಪಿ, ಮೂತ್ರದ ಪ್ರಮಾಣ, ಯಾವ ಔಷಧಿ ಬಾಕಿ. ವ್ಯಾಕರಣ ತಪ್ಪಿದರೂ ನಡೆಯುತ್ತದೆ, ವಿವರ ತಪ್ಪಬಾರದು. ಬಿಎಲ್‌ಎಸ್ (ಹೃದಯ, ಉಸಿರು ನಿಂತವರಿಗೆ ಕೊಡುವ ತುರ್ತು ಜೀವರಕ್ಷಣೆಯ ತರಬೇತಿ) ಪ್ರಮಾಣಪತ್ರ ಜೊತೆಗಿದ್ದರೆ ಒಳ್ಳೆಯದು. ಅದರ ಅವಧಿ ಎರಡು ವರ್ಷ.

ಸಹಿ ಹಾಕುವ ಮುನ್ನ

ನೇಮಕಾತಿ ಪತ್ರದಲ್ಲಿ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂಬ ಕರಾರು) ಎಷ್ಟು ತಿಂಗಳಿನದು, ನಡುವೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ಓದಿ. ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಜಾಗಕ್ಕೆ ಸೇರಲೇಬೇಡಿ. ತೋರಿಸಿ, ನಕಲು ಕೊಟ್ಟು, ಮೂಲವನ್ನು ವಾಪಸ್ ತನ್ನಿ. ತಿಂಗಳ ವೇತನ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸಿಗುತ್ತದೆಯೇ, ಪಿಎಫ್ ಕಟ್ಟುತ್ತಾರೆಯೇ, ಹಾಸ್ಟೆಲ್ ಮತ್ತು ಊಟದ ಹಣ ಸಂಬಳದಲ್ಲಿ ಮುರಿಯುತ್ತಾರೆಯೇ ಎಂದು ಕೇಳಿ, ಕೈಗೆ ಬರುವ ಮೊತ್ತವನ್ನು ನೀವೇ ಬರೆದು ನೋಡಿ. ಹಾಸ್ಟೆಲ್ ಕೊಡುವ ಆಸ್ಪತ್ರೆಯ ಕಡಿಮೆ ಸಂಬಳ ಎಷ್ಟೋ ಸಲ ಪಿಜಿ ಬಾಡಿಗೆ ಕಳೆದ ಹೆಚ್ಚಿನ ಸಂಬಳಕ್ಕಿಂತ ಮೇಲಾಗಿರುತ್ತದೆ, ಅದರಲ್ಲೂ ರಾತ್ರಿ ಎಂಟಕ್ಕೆ ಡ್ಯೂಟಿ ಹಿಡಿಯುವವರಿಗೆ.

ಎರಡು ವರ್ಷದ ನಂತರ

ಆಗ ದಾರಿಗಳು ಕವಲೊಡೆಯುತ್ತವೆ. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆ, ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ನಂಥ ಕಡೆಯ ಗುತ್ತಿಗೆ ಕೆಲಸ, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಇಲ್ಲವೇ ವಿದೇಶ. ಕೊಲ್ಲಿ ದೇಶಗಳಿಗೆ ಹೋಗುವವರ ದಾಖಲೆಗಳನ್ನು ಡೇಟಾಫ್ಲೋ ಎಂಬ ಸಂಸ್ಥೆ ನೇರವಾಗಿ ಆಸ್ಪತ್ರೆಗೇ ಬರೆದು ಪರಿಶೀಲಿಸುತ್ತದೆ; ನೀವು ಹೇಳಿದ ಅವಧಿಗೂ ಆಸ್ಪತ್ರೆ ಹೇಳಿದ ಅವಧಿಗೂ ತಾಳೆಯಾಗದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲಬಹುದು. ಆದ್ದರಿಂದ ರಾಜೀನಾಮೆ ಕೊಟ್ಟು ರಿಲೀವ್ ಆಗುವ ದಿನವೇ ಅನುಭವ ಪತ್ರವನ್ನು ಕೇಳಿ ಪಡೆಯಿರಿ. ಅದರಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಕೆಲಸ ಮಾಡಿದ ವಾರ್ಡ್, ನಿಮ್ಮ ನೋಂದಣಿ ಸಂಖ್ಯೆ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಇಷ್ಟೂ ಲೆಟರ್‌ಹೆಡ್ ಮೇಲೆ ಇರಲಿ. ಹಾಸಿಗೆ ಸಂಖ್ಯೆ ಬರೆಯುವುದನ್ನು ಕಚೇರಿಯವರು ಮರೆಯುವುದೇ ಹೆಚ್ಚು, ಆದ್ದರಿಂದ ಕೌಂಟರ್ ಬಿಡುವ ಮೊದಲೇ ಪತ್ರ ತೆರೆದು ಓದಿ.