ಒಂದೇ ಊರಿನಲ್ಲಿ ಉಳಿಯಿರಿ: ಬೆಂಗಳೂರಿನಿಂದ ಕಮೋಲಿಗೆ ಹೋಗಿಬರುವ ಬಗೆ

ಇಟಲಿಗೆ ಹೊರಟವರು ನಮ್ಮ ಜಯನಗರದಲ್ಲಿ ಯಾರೇ ಸಿಕ್ಕಲಿ, ಅವರ ಬಳಿ ಒಂದು ಪಟ್ಟಿ ಇರುತ್ತದೆ: ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್. ಒಂದು ವಾರಕ್ಕೆ ಐದು ಊರು. ರಾತ್ರಿ ಪೆಟ್ಟಿಗೆ ಬಿಚ್ಚುವುದು, ಬೆಳಿಗ್ಗೆ ಮತ್ತೆ ಕಟ್ಟುವುದು. ವಯಸ್ಸಾದ ತಂದೆತಾಯಿಯೋ ಪುಟ್ಟ ಮಕ್ಕಳೋ ಜೊತೆಗಿದ್ದರಂತೂ ಅವರಿಗೆ ಅದು ಬರೀ ಆಯಾಸ. ರಜೆ ಚಿಕ್ಕದಾಗಿದ್ದರೆ ಸಮುದ್ರದ ದಡದ ಒಂದೇ ಒಂದು ಸಣ್ಣ ಊರನ್ನು ಆರಿಸಿಕೊಳ್ಳಿ, ಅಲ್ಲಿಯೇ ನಾಲ್ಕೈದು ರಾತ್ರಿ ಉಳಿಯಿರಿ, ರೋಮನ್ನು ಇನ್ನೊಂದು ಸಲಕ್ಕೆ ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಅಮ್ಮನನ್ನು ಕರೆದುಕೊಂಡು ಹೋದದ್ದು ಕಮೋಲಿಗೆ. ಜಿನೋವಾ ನಗರದ ಪೂರ್ವಕ್ಕೆ, ಲಿಗೂರಿಯಾ ಕರಾವಳಿಯಲ್ಲಿರುವ ಹಳೆಯ ಬಂದರು ಅದು. ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ. ಅದೇ ರೈಲು ಮಾರ್ಗದ ಸೆಸ್ತ್ರಿ ಲೆವಾಂತೆ, ಲೆವಾಂತೋ ಮುಂತಾದ ಊರುಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು ಯಾವಾಗ ಹೋಗಬೇಕೆಂದು ತೀರ್ಮಾನಿಸಿ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿನ ನೀರು ತಣ್ಣಗೆ ಕೊರೆಯುತ್ತದೆ. ಮೇ ಕೊನೆಯ ವಾರವಾದರೆ ಹವೆ ಹಿತವಾಗಿರುತ್ತದೆ, ಜನಸಂದಣಿ ಇನ್ನೂ ಏರಿರುವುದಿಲ್ಲ. ಸೆಪ್ಟೆಂಬರ್ ಇನ್ನೂ ಒಳ್ಳೆಯದು, ಏಕೆಂದರೆ ಬೇಸಿಗೆಯಿಡೀ ಕಾದ ಸಮುದ್ರ ಆಗಲೂ ಬೆಚ್ಚಗಿರುತ್ತದೆ. ದಸರಾ ಬೇಗ ಬರುವ ವರ್ಷವಾದರೆ ಆ ರಜೆಯನ್ನೇ ಬಳಸಿಕೊಳ್ಳಿ. ಅಕ್ಟೋಬರ್ ಅರ್ಧ ದಾಟಿದ ಮೇಲೆ ಲಿಗೂರಿಯಾದಲ್ಲಿ ಜೋರು ಮಳೆಯ ಕಾಲ, ದೋಣಿಗಳ ಓಡಾಟವೂ ಕಡಿಮೆಯಾಗುತ್ತದೆ. ಆಗಸ್ಟ್ ಖಂಡಿತ ಬೇಡ. ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನವಾದರೆ ಅವರಿಗೆ ಫೆರಗೋಸ್ತೋ ಹಬ್ಬ. ಆ ಆಸುಪಾಸಿನಲ್ಲಿ ಅರ್ಧ ಇಟಲಿ ಕಡಲತೀರದಲ್ಲಿಯೇ ಇರುತ್ತದೆ, ಬಾಡಿಗೆಯೂ ಆಕಾಶಕ್ಕೇರಿರುತ್ತದೆ.

ಇನ್ನು ವೀಸಾ. ಲೆಕ್ಕಪತ್ರ ಪರಿಶೀಲನೆ ನನ್ನ ವೃತ್ತಿ, ಆದ್ದರಿಂದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಬೆಂಗಳೂರಿನಲ್ಲಿಯೇ, ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಸಂಸ್ಥೆಯ ಕೇಂದ್ರದ ಮೂಲಕ ಅರ್ಜಿ ಹಾಕಬಹುದು. ಪ್ರಯಾಣದ ದಿನಕ್ಕೆ 6 ತಿಂಗಳ ಮುಂಚೆ ಅರ್ಜಿ ಸಲ್ಲಿಸಲು ಅವಕಾಶವಿದೆ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆ, ಕೆಲವೊಮ್ಮೆ 45 ದಿನಗಳವರೆಗೂ ಎಳೆಯಬಹುದು. ಬೇಸಿಗೆ ರಜೆಗೆ ಮುಂಚೆ ಭೇಟಿಯ ಸಮಯ ಸಿಗುವುದೇ ಕಷ್ಟವಾದ್ದರಿಂದ ಮೂರು ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. 6 ವರ್ಷ ತುಂಬದವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಪಡೆದದ್ದಾಗಿರಬೇಕು, ನೀವು ಅಲ್ಲಿಂದ ಹೊರಟ ಮೇಲೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವಂತಿರಬೇಕು.

ಕಾಗದಪತ್ರದಲ್ಲಿ ಅಧಿಕಾರಿ ಹುಡುಕುವುದು ಎರಡೇ ಸಂಗತಿ: ನೀವು ಹೇಳಿದ ಕಡೆಗೇ ಹೋಗುತ್ತೀರಾ, ತಪ್ಪದೆ ಹಿಂದಿರುಗುತ್ತೀರಾ. ಒಂದೇ ಊರಿನಲ್ಲಿ ಉಳಿಯುವವರಿಗೆ ಮೊದಲನೆಯದು ಸುಲಭ. ಒಂದೇ ವಸತಿಯ ಕಾಯ್ದಿರಿಸುವಿಕೆ, ಹೋಗಿಬರುವ ವಿಮಾನ, ದಿನಕ್ಕೊಂದು ಸಾಲಿನ ಕಾರ್ಯಕ್ರಮ. ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬ ಗೊಂದಲವೂ ಇಲ್ಲ. ಎರಡನೆಯದಕ್ಕೆ ಕಚೇರಿಯ ರಜೆ ಮಂಜೂರಾತಿ ಪತ್ರ, ಸಂಬಳದ ಚೀಟಿಗಳು, ಆದಾಯ ತೆರಿಗೆ ವಿವರಣೆ, ಬ್ಯಾಂಕ್ ಖಾತೆಯ ವಿವರ ಇಡಿ. ಬ್ಯಾಂಕಿನ ಕಾಗದಕ್ಕೆ ಶಾಖೆಗೇ ಹೋಗಿ ಪ್ರತಿ ಹಾಳೆಗೂ ಮೊಹರು, ಸಹಿ ಹಾಕಿಸಿಕೊಳ್ಳಿ. ಅರ್ಜಿಯ ಹಿಂದಿನ ವಾರ ಭಾವನಿಂದಲೋ ಸ್ನೇಹಿತರಿಂದಲೋ ದೊಡ್ಡ ಮೊತ್ತ ತಂದು ಖಾತೆಗೆ ತುಂಬುವ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳು ತಿಂಗಳು ಸಂಬಳ ಬಂದು ಖರ್ಚಾಗಿ ಉಳಿದ ಸಾಧಾರಣ ಮೊತ್ತವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ತಾಯಿಯ ಖರ್ಚು ನೀವೇ ನೋಡಿಕೊಳ್ಳುವುದಾದರೆ ಅದನ್ನು ಒಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ಸಂಬಂಧ ತೋರಿಸುವ ದಾಖಲೆಯನ್ನೂ ಅದಕ್ಕೆ ಲಗತ್ತಿಸಿ.

ಬೆಂಗಳೂರಿನಿಂದ ಕೊಲ್ಲಿ ದೇಶಗಳ ಮೂಲಕವೋ ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕವೋ ಮಿಲಾನಿನ ಮಾಲ್ಪೆನ್ಸಾ ನಿಲ್ದಾಣ ತಲುಪಬಹುದು. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಸಾಲು ಉದ್ದವಾಗಬಹುದು. ಆದ್ದರಿಂದ ಇಳಿದ ದಿನಕ್ಕೆ ಇಂಥದೇ ರೈಲು ಎಂದು ಬಿಗಿಯಾಗಿ ಮುಂಗಡ ಟಿಕೆಟ್ ತೆಗೆಸಬೇಡಿ. ಮಾಲ್ಪೆನ್ಸಾದಿಂದ ಮಿಲಾನೋ ಚೆಂತ್ರಾಲೆಗೆ ರೈಲಿನಲ್ಲಿ ಸುಮಾರು 50 ನಿಮಿಷ, ಅಲ್ಲಿಂದ ಜಿನೋವಾಕ್ಕೆ ಒಂದೂವರೆಯಿಂದ ಎರಡು ಗಂಟೆ, ಜಿನೋವಾದಿಂದ ಕಮೋಲಿಗೆ ಮುಕ್ಕಾಲು ಗಂಟೆಯೊಳಗೆ. ಪ್ರಾದೇಶಿಕ ರೈಲುಗಳಲ್ಲಿ ದರ ಮುಂಚೆ ಕೊಂಡರೂ ಒಂದೇ, ಆಗ ಕೊಂಡರೂ ಒಂದೇ. ಆಸನ ಕಾಯ್ದಿರಿಸುವಿಕೆಯೂ ಇಲ್ಲ. ಆದರೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದ ಬಾಯಿಗೆ ಅದರ ತುದಿಯನ್ನು ತೂರಿಸಬೇಕು. ಕಟ್ ಎಂದು ಸದ್ದಾಗಿ ದಿನಾಂಕ, ಸಮಯ ಅಚ್ಚಾಗುತ್ತದೆ. ಅಚ್ಚಾಗದ ಟಿಕೆಟ್ ಕೈಯಲ್ಲಿದ್ದರೂ ದಂಡ ಕಟ್ಟಬೇಕಾದೀತು. ಮೊಬೈಲಿನಲ್ಲಿ ಕೊಂಡ ಪ್ರಾದೇಶಿಕ ಟಿಕೆಟ್ ಆದರೆ ಹತ್ತುವ ಮುಂಚೆ ಮೊಬೈಲಿನಲ್ಲಿಯೇ ಚೆಕ್-ಇನ್ ಮಾಡಬೇಕು. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಿಡಿ: ಇಂಥ ಊರುಗಳಲ್ಲಿ ರಸ್ತೆ ಕಿರಿದು, ನಿಲ್ಲಿಸಲು ಜಾಗವಿಲ್ಲ, ರೈಲಾದರೆ ಊರ ನಡುವೆಯೇ ಇಳಿಸುತ್ತದೆ.

ವಸತಿ ಆರಿಸುವಾಗ ಎಲ್ಲರೂ ಕೇಳುವುದು ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು. ನೀವು ಮೆಟ್ಟಿಲುಗಳ ಬಗ್ಗೆ ಕೇಳಿ. ಕಮೋಲಿ ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ಊರು. ರೈಲು ನಿಲ್ದಾಣ ಮೇಲೆ, ಅದರ ಕೆಳಗೆ ವೀಯಾ ದೆಲ್ಲಾ ರೆಪುಬ್ಲಿಕಾ ಎಂಬ ಅಂಗಡಿ ಬೀದಿ, ಇನ್ನೂ ಕೆಳಗೆ ಸಮುದ್ರದಂಚಿನ ವೀಯಾ ಗರಿಬಾಲ್ದಿ. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಡುವೆ ಕಲ್ಲಿನ ಮೆಟ್ಟಿಲುಗಳು. ಅಮ್ಮನ ಮಂಡಿ ನೋವಿನ ಕಾರಣ ನಾನು ಮನೆಯೊಡತಿಗೆ ಮೂರು ಪ್ರಶ್ನೆ ಬರೆದು ಕಳುಹಿಸಿದ್ದೆ: ನಿಲ್ದಾಣದಿಂದ ಮನೆಯ ಬಾಗಿಲಿಗೆ ಎಷ್ಟು ಮೆಟ್ಟಿಲು, ಕಟ್ಟಡದಲ್ಲಿ ಲಿಫ್ಟ್ ಇದೆಯೇ, ಲಿಫ್ಟ್ ತಲುಪಲೇ ಮತ್ತೆ ಮೆಟ್ಟಿಲು ಹತ್ತಬೇಕೇ. ಮೂರನೆಯ ಪ್ರಶ್ನೆಯನ್ನು ಮರೆಯಬೇಡಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಅರ್ಧ ಮಹಡಿಯ ಮೇಲಿನಿಂದ ಶುರುವಾಗುವುದುಂಟು. ಅಲ್ಪಾವಧಿಗೆ ಬಾಡಿಗೆ ಕೊಡುವ ಮನೆಗಳ ಜಾಹೀರಾತಿನಲ್ಲಿ ಸಿಐಎನ್ ಎಂಬ ರಾಷ್ಟ್ರೀಯ ಗುರುತು ಸಂಖ್ಯೆ ಇರಬೇಕೆಂಬುದು 2025ರಿಂದ ಕಡ್ಡಾಯ. ಅದಿಲ್ಲದ ಮನೆಗೆ ಮುಂಗಡ ಕಳುಹಿಸಬೇಡಿ. ಮನೆಯವರು ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿ ಬೇಡ, ಪೊಲೀಸರಿಗೆ ಅತಿಥಿಗಳ ವಿವರ ತಿಳಿಸುವುದು ಅಲ್ಲಿನ ಕಾನೂನು. ಹಲವು ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆಯನ್ನು ಬೇರೆಯಾಗಿ ಕಟ್ಟಬೇಕಾಗುತ್ತದೆ; ಅದಕ್ಕೆ ಸ್ವಲ್ಪ ನಗದು ಇಟ್ಟುಕೊಂಡಿರಿ.

ಅಡುಗೆಮನೆ ಇರುವ ವಸತಿಯಾದರೆ ಊಟದ ಚಿಂತೆ ಅರ್ಧ ಕಳೆಯುತ್ತದೆ. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಒಯ್ಯಿರಿ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರದೇಶದಿಂದ ಯುರೋಪಿನ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿ, ಪೇಡ ಮನೆಯಲ್ಲಿಯೇ ಇರಲಿ. ಹಸಿ ಕರಿಬೇವಿಗೂ ಇದೇ ಮಾತು: ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಹಸಿ ಸೊಪ್ಪು ತರಕಾರಿ ಒಳಗೆ ಬಿಡುವುದಿಲ್ಲ. ಆದರೆ ತೆಂಗಿನಕಾಯಿ, ಬಾಳೆಹಣ್ಣು ಮುಂತಾದ ಕೆಲವಕ್ಕೆ ಆ ನಿಯಮದಿಂದ ವಿನಾಯಿತಿ ಇದೆ ಎಂದು ತಿಳಿದಾಗ ಅಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹಾಗೆಂದು ಮೂರು ಹೊತ್ತೂ ಮನೆಯಲ್ಲಿಯೇ ಬೇಯಿಸಿಕೊಂಡರೆ ಆ ಊರಿಗೆ ಹೋದದ್ದೇ ವ್ಯರ್ಥ. ಮೀನಿನ ಕರಾವಳಿಯಾದರೂ ಲಿಗೂರಿಯಾದ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಧಾರಾಳ ಜಾಗವಿದೆ. ಫರಿನಾತಾ ಹುಡುಕಿಕೊಂಡು ಹೋಗಿ ತಿನ್ನಿ. ಕಡಲೆಹಿಟ್ಟನ್ನು ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ, ನೊರೆ ತೆಗೆದು, ಆಲಿವ್ ಎಣ್ಣೆ ಉಪ್ಪು ಬೆರೆಸಿ, ಅಗಲವಾದ ತಾಮ್ರದ ಹರಿವಾಣದಲ್ಲಿ ತೆಳ್ಳಗೆ ಹೊಯ್ದು ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಕೆಂಪಗೆ ಗರಿಯಾಗಿ, ಒಳಗೆ ಮೆತ್ತಗೆ ಬೇಯುತ್ತದೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದಕ್ಕೆ ಒಂದು ಹಸಿಮೆಣಸಿನಕಾಯಿ ಬಿದ್ದಿದ್ದರೆ ನಮ್ಮ ಕಡಲೆಹಿಟ್ಟಿನ ದೋಸೆಯೇ ಆಗುತ್ತಿತ್ತಲ್ಲೇ" ಎಂದಳು. ನಂತರ ಇನ್ನೊಂದು ತುಂಡು ಕೇಳಿದಳು. ಪಕ್ಕದ ಊರು ರೆಕ್ಕೋ ಗಿಣ್ಣಿನ (ಚೀಸ್) ಫೊಕಾಚ್ಚಾ ಎಂಬ ರೊಟ್ಟಿಗೆ ಹೆಸರುವಾಸಿ: ಹುದುಗು ಹಾಕದ, ಕಾಗದದಷ್ಟು ತೆಳುವಾದ ಎರಡು ಹಾಳೆಗಳ ನಡುವೆ ಮೆತ್ತನೆಯ ಗಿಣ್ಣು. ಇದಕ್ಕೆ ಯುರೋಪಿನ ಭೌಗೋಳಿಕ ಗುರುತು ಕೂಡ ಇದೆ. ಮೊಟ್ಟೆ ತಿನ್ನದವರು ತ್ರೋಫಿಯೆ ಎಂಬ ಪಾಸ್ತಾ ಕೇಳಿ, ಅದು ಹಿಟ್ಟು ನೀರಿನದ್ದು.

ಎರಡು ಎಚ್ಚರಿಕೆ ಮಾತ್ರ ಹೇಳಲೇಬೇಕು. ಪಾಸ್ತಾಕ್ಕೆ ಬೆರೆಸುವ ಹಸಿರು ಚಟ್ನಿಯಂಥ ಪೆಸ್ತೋದಲ್ಲಿ ಬೀಳುವ ಪಾರ್ಮಿಜಾನೋ ಗಿಣ್ಣನ್ನು ಕರುವಿನ ಜಠರದಿಂದ ತೆಗೆದ ಕಿಣ್ವ ಹಾಕಿಯೇ ಮಾಡುತ್ತಾರೆ. ಅದು ಒಗ್ಗದವರು ಗಿಣ್ಣಿಲ್ಲದ ಫೊಕಾಚ್ಚಾ, ಫರಿನಾತಾ, ಟೊಮ್ಯಾಟೋ ಸಾಸಿನ ಪಾಸ್ತಾಗಳನ್ನು ನೆಚ್ಚಿಕೊಳ್ಳಿ. ಸಣ್ಣ ಮೀನಾದ ಆಂಚೊವಿಯನ್ನು ಅವರು ಸೊಪ್ಪಿನ ಪಲ್ಯಕ್ಕೂ ಹಾಕಿಬಿಡುತ್ತಾರೆ, ಆದ್ದರಿಂದ "ಸೋನೋ ವೆಜೆತಾರಿಯಾನಾ, ನ್ಯೆಂತೆ ಕಾರ್ನೆ, ನ್ಯೆಂತೆ ಪೆಶೆ, ನ್ಯೆಂತೆ ಅಚ್ಚೂಗೆ" (ನಾನು ಸಸ್ಯಾಹಾರಿ, ಮಾಂಸ ಬೇಡ, ಮೀನು ಬೇಡ, ಆಂಚೊವಿ ಬೇಡ) ಎಂದು ಪ್ರತಿ ಸಲವೂ ಹೇಳಿ. ಗಂಡಸರು ವೆಜೆತಾರಿಯಾನೋ ಎನ್ನಬೇಕು. ಮಧ್ಯಾಹ್ನ ಎರಡೂವರೆಯ ನಂತರ ಅನೇಕ ಹೋಟೆಲುಗಳ ಅಡುಗೆಮನೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳೂವರೆಗೆ. ಮಾತ್ರೆ ನುಂಗಲು ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ಹಿರಿಯರು ಜೊತೆಗಿದ್ದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು.

ದಿನಗಳನ್ನು ಹೇಗೆ ಹಂಚಬೇಕೆಂದು ಕೇಳುವವರಿಗೆ ನಾನು ಹೇಳುವುದು: ಹೆಚ್ಚು ಹಂಚಬೇಡಿ. ಮೊದಲ ಪೂರ್ತಿ ದಿನ ಊರಿಗೇ ಕೊಡಿ. ಸಮುದ್ರಕ್ಕೆ ಮುಖ ಮಾಡಿ ನಿಂತ ಎತ್ತರದ ಬಣ್ಣದ ಮನೆಗಳನ್ನು ಹತ್ತಿರ ಹೋಗಿ ನೋಡಿ. ಕಿಟಕಿಯ ಸುತ್ತಲ ಕೆತ್ತನೆ, ಕಂಬ, ಕೆಲವು ಕಡೆ ಕಿಟಕಿಯೇ ಕೂಡ ಗೋಡೆಯ ಮೇಲೆ ಬರೆದ ಚಿತ್ರ. ನೆರಳನ್ನೂ ಬಣ್ಣದಲ್ಲಿಯೇ ಬಿಡಿಸಿದ್ದಾರೆ. 19ನೇ ಶತಮಾನದಲ್ಲಿ ದೊಡ್ಡ ಹಾಯಿಹಡಗು ಪಡೆಯನ್ನೇ ಹೊಂದಿದ್ದ ಊರು ಅದು, ಅದರ ಕಥೆ ಹೇಳುವ ಪುಟ್ಟ ನೌಕಾ ಸಂಗ್ರಹಾಲಯವೂ ಅಲ್ಲಿದೆ. ಕಡಲತೀರದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ನೀರಿಗಿಳಿಯಲು ರಬ್ಬರ್ ಪಾದರಕ್ಷೆ ಇಲ್ಲಿಂದಲೇ ಒಯ್ಯಿರಿ. ಸಾಲಾಗಿ ಛತ್ರಿ, ಮಲಗು ಕುರ್ಚಿ ಹಾಕಿರುವ ಭಾಗಕ್ಕೆ ಬಾಡಿಗೆ ಕೊಡಬೇಕು, ಮುಂದಿನ ಸಾಲಿಗೆ ಹೆಚ್ಚು. ಸ್ಪ್ಯಾಜಾ ಲೀಬೆರಾ ಎಂದು ಬರೆದಿರುವಲ್ಲಿ ಟವೆಲ್ ಹಾಸಿ ಕುಳಿತರೆ ಯಾರೂ ಹಣ ಕೇಳುವುದಿಲ್ಲ.

ಇನ್ನೊಂದು ದಿನ ಬೆಳಿಗ್ಗೆಯೇ ಸಾನ್ ಫ್ರುತ್ತುವೋಸೋಗೆ ದೋಣಿ ಹತ್ತಿ, ಸುಮಾರು ಅರ್ಧ ಗಂಟೆಯ ಹಾದಿ. ಕಾಡು ತುಂಬಿದ ಗುಡ್ಡಗಳ ನಡುವಿನ ಪುಟ್ಟ ಕೊಲ್ಲಿಯಲ್ಲಿ ಹಳೆಯ ಮಠವೊಂದು ನೀರಿನಂಚಿಗೇ ನಿಂತಿದೆ. ಅಲ್ಲಿಗೆ ರಸ್ತೆಯೇ ಇಲ್ಲ. ದೋಣಿ, ಇಲ್ಲವೇ ಕಾಲುದಾರಿ. ಜಿನೋವಾದ ದೋರಿಯಾ ಮನೆತನದವರ ಸಮಾಧಿಗಳು ಮಠದೊಳಗಿವೆ. ಅದೇ ಕೊಲ್ಲಿಯಲ್ಲಿ ಸುಮಾರು 17 ಮೀಟರ್ ಆಳದಲ್ಲಿ, ಎರಡೂ ಕೈಗಳನ್ನು ಮೇಲೆತ್ತಿದ ಕ್ರಿಸ್ತನ ಕಂಚಿನ ಪ್ರತಿಮೆ 1954ರಿಂದ ನಿಂತಿದೆ. ಗುಡ್ಡದ ನೆರಳು ಬೇಗ ಇಳಿಯುವ ಜಾಗವಾದ್ದರಿಂದ ಮಧ್ಯಾಹ್ನಕ್ಕೆ ಹೋಗುವುದು ಬೇಡ. ಕಡಲು ಏರಿದ ದಿನ ದೋಣಿ ಬಿಡುವುದಿಲ್ಲ, ಹಾಗಾಗಿ ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಹಿಂದಿರುಗುವ ಕೊನೆಯ ದೋಣಿಯ ಸಮಯವನ್ನು ಇಳಿದ ಕೂಡಲೇ ಬರೆದುಕೊಳ್ಳಿ. ಕಾಲು ಗಟ್ಟಿಯಿರುವವರು ಸಾನ್ ರೊಕ್ಕೋ ಕಡೆಯಿಂದ ನಡೆದೇ ಹೋಗಬಹುದು, ಆದರೆ ಸಮುದ್ರದ ಮಗ್ಗುಲಿನ ದಾರಿಯಲ್ಲಿ ಸರಪಳಿ ಹಿಡಿದು ದಾಟಬೇಕಾದ ಬಂಡೆಗಳಿವೆ. ಅಭ್ಯಾಸವಿಲ್ಲದವರು ಒಳಗಿನ ಪಿಯೆತ್ರೆ ಸ್ತ್ರೆತ್ತೆ ದಾರಿ ಹಿಡಿಯಿರಿ. ಉಳಿದ ದಿನ ಜಿನೋವಾದ ಹಳೆಯ ಓಣಿಗಳಿಗೋ ಸಾಂತಾ ಮಾರ್ಗೆರಿತಾಗೋ ರೈಲಿನಲ್ಲಿ ಹೋಗಿ, ಕತ್ತಲಾಗುವುದರೊಳಗೆ ಮರಳಿ ಬನ್ನಿ.

ಹೊರಡುವ ದಿನಕ್ಕೆ ಮುಂಚೆ ರೈಲು ಮುಷ್ಕರವಿದೆಯೇ ಎಂದು ವಿಚಾರಿಸಿ. ಅಲ್ಲಿ ಮುಷ್ಕರದ ದಿನಾಂಕವನ್ನು ಮೊದಲೇ ಪ್ರಕಟಿಸುತ್ತಾರೆ, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಅಗತ್ಯದ ಪ್ರಾದೇಶಿಕ ರೈಲುಗಳು ಓಡಲೇಬೇಕೆಂಬ ನಿಯಮವೂ ಇದೆ. ರಾತ್ರಿಯ ವಿಮಾನವಾದರೂ ಅಂಥ ದಿನ ಬೆಳಗಿನ ರೈಲಿಗೇ ಹೊರಟುಬಿಡಿ. ಊರಿಗೆಂದು ಪೆಸ್ತೋ, ಆಲಿವ್ ಎಣ್ಣೆ ಕೊಂಡಿದ್ದರೆ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಬಟ್ಟೆಗಳ ನಡುವೆ, ತೂಕಕ್ಕೆ ಹಾಕುವ ಪೆಟ್ಟಿಗೆಯಲ್ಲಿಯೇ ಇಡಿ. ಕೈಚೀಲದಲ್ಲಿ ಇಟ್ಟರೆ ಪೆಸ್ತೋವನ್ನೂ ದ್ರವವೆಂದೇ ಎಣಿಸಿ ತೆಗೆದಿಟ್ಟುಕೊಳ್ಳಬಹುದು.